ಒಂದೇ ಬಾಗಿಲಿನ ಬೆಳಕು

ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೊರಟ ರೈಲುಗಾಡಿಯು ಅಣ್ಣಿಗೇರಿಯನ್ನು ದಾಟಿತೆಂದರೆ ಪ್ರಯಾಣಿಕನ ಕಣ್ಣಿಗೆ ನೆಲಕ್ಕಿಂತ ಆಕಾಶವೇ ಹೆಚ್ಚಾಗಿ ಕಾಣತೊಡಗುತ್ತದೆ. ಎರಡೂ ಮಗ್ಗುಲಿಗೆ ಎರೆಭೂಮಿ; ಮರಗಳು ವಿರಳ; ಎಲ್ಲಿಯೋ ಒಂದು ಬನ್ನಿ, ಎಲ್ಲಿಯೋ ಒಂದು ಬೇವು. ಮೋಡ ಕವಿದ ಮಳೆಗಾಲದ ದಿನಗಳನ್ನು ಬಿಟ್ಟರೆ ವರ್ಷದ ಬಹುಭಾಗ ಈ ಬಯಲಿನ ಮೇಲೆ ಬಿಸಿಲು ಧಾರಾಳವಾಗಿ ಸುರಿಯುತ್ತಿರುತ್ತದೆ. ಬೆಳಕಿಗೆ ಬಡತನವಿಲ್ಲದ ನಾಡು ಇದು. ಆದರೂ ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮನೆಗಳಲ್ಲಿ ಗೋಡೆಗೆ ತೂಗಹಾಕಿದ ಭಾವಚಿತ್ರಗಳನ್ನು ಗಮನಿಸಿದವರಿಗೆ ಒಂದು ವಿಚಿತ್ರ ತೋರದೆ ಇರದು. ರುಮಾಲು ಬೆಳ್ಳಗೆ ಹೊಳೆಯುತ್ತದೆ, ಅಂಗಿಯ ಗುಂಡಿಗಳನ್ನು ಎಣಿಸಬಹುದು. ನಡುವೆ ಮುಖ ಮಾತ್ರ ಕತ್ತಲೆ. ಇಲ್ಲವೆ, ಮುಖಕ್ಕೆ ಸುಣ್ಣ ಬಳಿದಂತೆ ಬಿಳುಪು. ಹಣೆಯ ಗೆರೆಯೂ ಇಲ್ಲ, ಕೆನ್ನೆಯ ಕುಳಿಯೂ ಇಲ್ಲ.

ಇದು ಕೇವಲ ಕಲೆಯ ಲೋಪವಾಗಿದ್ದರೆ ಅಷ್ಟೊಂದು ಚಿಂತಿಸಬೇಕಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ತೀರಿಹೋದ ಹಿರಿಯರ ಚಿತ್ರವೆಂದು ಉಳಿದಿರುವುದು ಒಂದೇ ಒಂದು. ಅದೂ ಮನೆಯವರಿಗಾಗಿ ತೆಗೆಸಿದುದಲ್ಲ, ಕಚೇರಿಗಾಗಿ ತೆಗೆಸಿದುದು. 1993ರಲ್ಲಿ ಚುನಾವಣಾ ಆಯೋಗವು ಭಾವಚಿತ್ರವುಳ್ಳ ಮತದಾರರ ಚೀಟಿಯನ್ನು ಜಾರಿಗೆ ತಂದಿತು. ಆಗ ಹಳ್ಳಿಯ ಅನೇಕ ಮುದುಕರು ಮೊದಲ ಬಾರಿಗೆ ಕ್ಯಾಮೆರಾದ ಎದುರು ಕುಳಿತರು. ಬ್ಯಾಂಕಿನ ಪಾಸುಪುಸ್ತಕ, ಪಿಂಚಣಿಯ ಕಾಗದ, ಪರೀಕ್ಷೆಯ ಪ್ರವೇಶಪತ್ರ, ಆಧಾರ್ — ಹೀಗೆ ಮುಖ ಕೇಳುವ ಕಾಗದಗಳು ಬೆಳೆಯುತ್ತಲೇ ಹೋದವು. ಮನುಷ್ಯ ತೀರಿದ ಮೇಲೆ ಮಕ್ಕಳು ಅಂಥ ಚೀಟಿಯೊಂದನ್ನು ಸ್ಟುಡಿಯೋಕ್ಕೆ ಒಯ್ದು, ಹೆಬ್ಬೆರಳಿನ ಉಗುರಿನಷ್ಟಿದ್ದ ಮುಖವನ್ನು ಎರಡು ಅಡಿಗೆ ಹಿಗ್ಗಿಸಿ, ಕಟ್ಟು ಹಾಕಿಸಿ, ಮಾಲೆ ಹಾಕುತ್ತಾರೆ. ಅರ್ಧ ನಿಮಿಷದಲ್ಲಿ ಅವಸರದಿಂದ ತೆಗೆದ ಚಿತ್ರವು ಹೀಗೆ ಮೂರು ತಲೆಮಾರು ಗೋಡೆಯ ಮೇಲಿರುತ್ತದೆ. ಮೊಮ್ಮಗನಿಗೆ ಅಜ್ಜನೆಂದರೆ ಅದೇ ಕತ್ತಲೆಯ ಮುಖ.

ದೀಪಗಳಿಲ್ಲ, ಛತ್ರಿಗಳಿಲ್ಲ, ಅದಕ್ಕೇ ಹೀಗೆ ಎಂದು ಹೇಳುವುದು ವಾಡಿಕೆ. ಈ ನೆಪವನ್ನು ಸುಲಭವಾಗಿ ಒಪ್ಪುವಂತಿಲ್ಲ. ದೀಪ ಚಿಕ್ಕದಾದಷ್ಟೂ ನೆರಳು ಕಠಿಣವಾಗುತ್ತದೆ, ದೊಡ್ಡದಾದಷ್ಟೂ ಮೃದುವಾಗುತ್ತದೆ. ಮುಖಚಿತ್ರದ ಶಾಸ್ತ್ರದ ಬಹುಭಾಗ ಇಷ್ಟೇ. ಪಟ್ಟಣದ ಸ್ಟುಡಿಯೋದವರು ದೀಪದ ಮುಂದೆ ಬಿಳಿಯ ಅರಿವೆ ಕಟ್ಟುವುದು, ಛತ್ರಿ ಹಿಡಿಯುವುದು, ಎಲ್ಲವೂ ಚಿಕ್ಕ ದೀಪವನ್ನು ದೊಡ್ಡದು ಮಾಡುವ ಉಪಾಯಗಳು. ಆರು ಅಡಿ ಎತ್ತರ, ಮೂರು ಅಡಿ ಅಗಲದ ತಲಬಾಗಿಲು ಆ ಲೆಕ್ಕದಲ್ಲಿ ಬಲು ದೊಡ್ಡ ದೀಪ. ಅದಕ್ಕೆ ವಿದ್ಯುತ್ತೂ ಬೇಡ, ಬಾಡಿಗೆಯೂ ಇಲ್ಲ. ನೇರ ಬಿಸಿಲು ಒಳಗೆ ಬೀಳದಿರುವ ಹೊತ್ತಿನಲ್ಲಿ ಆ ಬಾಗಿಲಿನಿಂದ ಮೂರು ಅಡಿ ಒಳಕ್ಕೆ ಒಂದು ಸ್ಟೂಲು ಹಾಕಿ, ಬೆಳಕು ಒಂದು ಕೆನ್ನೆಗೆ ಓರೆಯಾಗಿ ಬೀಳುವಂತೆ ಮನುಷ್ಯನನ್ನು ಕೂರಿಸಬೇಕು. ಇನ್ನೊಂದು ಮಗ್ಗುಲಿಗೆ ಮಂಚದ ಮೇಲೋ ಕುರ್ಚಿಯ ಬೆನ್ನಿಗೋ ಒಗೆದ ಬಿಳಿ ದೋತರವೊಂದನ್ನು ಹರವಿದರೆ ಬಾಗಿಲಿನ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳಿನ ಕೆನ್ನೆಯನ್ನು ತುಸು ತಿಳಿಮಾಡುತ್ತದೆ. ದೋತರ ಹತ್ತಿರ ಬಂದಂತೆ ನೆರಳು ತಿಳಿಯಾಗುವುದು, ದೂರ ಸರಿದಂತೆ ಗಾಢವಾಗುವುದು. ಬೆನ್ನ ಹಿಂದಿನ ಗೋಡೆ ಐದಾರು ಅಡಿ ದೂರವಿರಲಿ. ಆಗ ಅದು ತಾನಾಗಿಯೇ ಮಬ್ಬಾಗಿ ಹಿಂದೆ ಸರಿಯುತ್ತದೆ.

ಗದಗ ಪಟ್ಟಣಕ್ಕೆ ಕ್ಯಾಮೆರಾ ಬಂದದ್ದು ಇತ್ತೀಚೆಗಲ್ಲ. 1850ರ ದಶಕದಲ್ಲಿ ಬೊಂಬಾಯಿ ಸರ್ಕಾರವು ಮೊದಲು ಸೈನ್ಯಾಧಿಕಾರಿ ಬಿಗ್ಸ್‌ನನ್ನೂ ಅನಂತರ ವೈದ್ಯನಾದ ಪಿಗುವನ್ನೂ ಈ ಪ್ರಾಂತದ ಗುಡಿಗಳ ಛಾಯಾಚಿತ್ರಗಳನ್ನು ತೆಗೆಯಲು ನೇಮಿಸಿತು. ಅವರಿಬ್ಬರ ಮತ್ತು ನೀಲ್ ಎಂಬವರ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ಹೊರಬಂದಿತು. ಮೆಡೋಸ್ ಟೇಲರ್ ಚರಿತ್ರೆಯನ್ನೂ ಜೇಮ್ಸ್ ಫರ್ಗುಸನ್ ಶಿಲ್ಪದ ಟಿಪ್ಪಣಿಗಳನ್ನೂ ಬರೆದರು. ಗದುಗಿನ ಗುಡಿಗಳು ಅದರಲ್ಲಿ ಸೇರಿವೆ. ಆದರೆ ಆ ಗ್ರಂಥದ ವಿಷಯ ಕಲ್ಲು, ಮನುಷ್ಯನ ಮುಖವಲ್ಲ. ಮೇಣ ಹಚ್ಚಿದ ಕಾಗದದ ನೆಗೆಟಿವಿಗೆ ಆ ಕಾಲದಲ್ಲಿ ನಿಮಿಷಗಟ್ಟಲೆ ಬೆಳಕು ಬೇಕಾಗುತ್ತಿತ್ತು. ಕಲ್ಲು ಅಲುಗದು, ಮನುಷ್ಯ ಅಲುಗುವನು.

ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿಯ ಗುಡಿಯ ಕಂಬಗಳ ಮುಂದೆ ನಿಂತರೆ ಬೆಳಕಿನ ಪಾಠವೊಂದು ಪುಕ್ಕಟೆಯಾಗಿ ಸಿಗುತ್ತದೆ. ನಡುಮಧ್ಯಾಹ್ನ ಆ ಕಂಬಗಳ ಸೂಕ್ಷ್ಮ ಕೆತ್ತನೆ ಚಪ್ಪಟೆಯಾಗಿ ತೋರುತ್ತದೆ. ಬೆಳಗಿನ ಓರೆಬಿಸಿಲು ಬಂದೊಡನೆ ಒಂದೊಂದು ಬಳ್ಳಿಯೂ ಒಂದೊಂದು ಮಣಿಯೂ ಎದ್ದು ನಿಲ್ಲುತ್ತದೆ. ಶಿಲ್ಪಿಯ ಉಳಿ ಬದಲಾಗಿಲ್ಲ, ಬೆಳಕಿನ ಮಗ್ಗುಲು ಬದಲಾಗಿದೆ. ಮುಖವೂ ಹೀಗೆಯೇ. ಎದುರಿನಿಂದ ಬಂದ ಬೆಳಕು ಅದನ್ನು ತೋರಿಸುತ್ತದೆ. ಓರೆಯಾಗಿ ಬಂದ ಬೆಳಕು ಅದನ್ನು ಕಡೆಯುತ್ತದೆ.

ಯುರೋಪಿನ ಚಿತ್ರಕಾರರು ತಮ್ಮ ಕೋಣೆಗೆ ಉತ್ತರದ ಕಿಟಕಿಯನ್ನೇ ಬಯಸುತ್ತಿದ್ದರು. ಅಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದಿಂದ ಬರುವುದು ಆಕಾಶದ ತಣ್ಣನೆಯ, ಅಷ್ಟಾಗಿ ಏರುಪೇರಿಲ್ಲದ ಬೆಳಕು. ಆ ನಿಯಮವೇ ಪುಸ್ತಕಗಳ ಮೂಲಕ ಇಲ್ಲಿಯ ಸ್ಟುಡಿಯೋಗಳಿಗೂ ಬಂದಿತು. ಆದರೆ ಗದಗ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ 15 ಡಿಗ್ರಿಗಿಂತ ತುಸು ಮೇಲೆ. ಮೇ ತಿಂಗಳ ಆರಂಭದಿಂದ ಆಗಸ್ಟಿನ ಎರಡನೆಯ ವಾರದವರೆಗೆ ಇಲ್ಲಿಯ ಮಧ್ಯಾಹ್ನದ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೇ ಸರಿದಿರುತ್ತಾನೆ. ಆ ನೂರು ದಿನಗಳಲ್ಲಿ ಉತ್ತರದ ಕಿಟಕಿಯನ್ನು ನಂಬಿದವನ ಗತಿ ವಕ್ರ! ಅವನು ದಕ್ಷಿಣದ ಬಾಗಿಲನ್ನು ತೆರೆಯುವುದೇ ಲೇಸು. ಪುಸ್ತಕದ ದಿಕ್ಕಿಗಿಂತ ಅಂಗಳದ ನೆರಳನ್ನು ನೋಡಿ ಕೆಲಸಮಾಡುವುದು ಎಲ್ಲ ಕಾಲಕ್ಕೂ ಕ್ಷೇಮ. ಮೋಡ ಮುಸುಕಿದ ದಿನವಂತೂ ಇಡೀ ಆಕಾಶವೇ ಒಂದು ಬಿಳಿಯ ಛತ್ರಿ. ಅಂದು ಕಟ್ಟೆಯ ಮೇಲೆ ಕೂರಿಸಿ ತೆಗೆದ ಚಿತ್ರವೂ ಕೆಡುವುದಿಲ್ಲ.

ರೈಲು ಹಳಿಯನ್ನು ದಾಟಿ ಬೆಟಗೇರಿಗೆ ಬಂದರೆ ಮಗ್ಗಗಳ ಸದ್ದು. ಕುಣಿಮಗ್ಗದಲ್ಲಿ ಕುಳಿತ ನೇಕಾರನಿಗೆ ಎಳೆ ಕಾಣಬೇಕು. ಆದುದರಿಂದ ಮಗ್ಗವನ್ನು ಕಿಟಕಿಯ ಬಳಿಯಲ್ಲೇ ಹೂಡುತ್ತಾರೆ. ಒಂದು ಮಗ್ಗುಲಿನಿಂದ ಕಿಟಕಿಯ ಬೆಳಕು. ಎದೆಯ ಮುಂದೆ ಹರವಿದ ಹಾಸು ಬಿಳಿಯ ನೂಲಿನದಾಗಿದ್ದರೆ ಅದೇ ಆ ಬೆಳಕನ್ನು ಗದ್ದದ ಕೆಳಗೆ, ಹುಬ್ಬಿನ ಕೆಳಗೆ ಮೃದುವಾಗಿ ಎತ್ತಿಕೊಡುತ್ತದೆ. ಯಾವ ಸ್ಟುಡಿಯೋದವನೂ ಇದಕ್ಕಿಂತ ಚೆನ್ನಾಗಿ ಬೆಳಕನ್ನು ಹೂಡಲಾರ. ಕೆಂಪು ಹಾಸಾದರೆ ಮಾತ್ರ ಮುಖಕ್ಕೆ ಕೆಂಪು ಬಣ್ಣ ಅಡರುವುದು. ನೇಕಾರನನ್ನು ಮಗ್ಗದಿಂದ ಎಬ್ಬಿಸಿ, ತಲೆ ಬಾಚಿಸಿ, ನೀಲಿ ಪರದೆಯ ಮುಂದೆ ನಿಲ್ಲಿಸಿ ಕಣ್ಣಿಗೆ ಮಿಂಚು ಹೊಡೆದು ತೆಗೆದ ಚಿತ್ರವನ್ನೂ, ಮಗ್ಗದಲ್ಲಿಯೇ ತೆಗೆದ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಯಾವುದು ಅವನ ಮುಖವೆಂದು ಅವನ ಮಗಳೇ ಹೇಳುವಳು.

ಬಣ್ಣದ ಮಾತು ಬಂದುದರಿಂದ ಹಳೆಯ ಕಪ್ಪುಬಿಳುಪು ಚಿತ್ರಗಳ ಒಂದು ಗುಟ್ಟನ್ನು ಇಲ್ಲಿಯೇ ಹೇಳಬೇಕು. ಮೊದಲಿನ ಗಾಜಿನ ಪ್ಲೇಟುಗಳ ಲೇಪಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ; ಕೆಂಪೆಲ್ಲ ಅದಕ್ಕೆ ಕಪ್ಪು. ಹಣೆಯ ಕುಂಕುಮ ಕಪ್ಪು ಬೊಟ್ಟಾಯಿತು. ಇಳಕಲ್ ಸೀರೆಯ ಕೆಂಪು ಸೆರಗು ಇದ್ದಿಲಿನಂತಾಯಿತು. ಕಂದು ಮೈಬಣ್ಣವು ತನ್ನ ನಿಜಕ್ಕಿಂತ ಎರಡು ಪಟ್ಟು ಕಪ್ಪಾಗಿ ಇಳಿಯಿತು. ಇದನ್ನು ಸರಿಪಡಿಸಲು ನೆಗೆಟಿವಿನ ಮೇಲೆ ಪೆನ್ಸಿಲ್ಲಿನಿಂದ ತಿದ್ದಿ ಮುಖವನ್ನು ಬೆಳ್ಳಗೆ ಮಾಡುವ ಕೆಲಸ ಹುಟ್ಟಿತು. ಮುಂದೆ ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಫಿಲ್ಮು ಬಂದರೂ ಪೆನ್ಸಿಲ್ಲಿನ ಚಟ ಹೋಗಲಿಲ್ಲ. ಬಣ್ಣದ ಫೋಟೋಗಳ ಕಾಲಕ್ಕೂ ನ್ಯಾಯ ದೊರೆಯಿತೆನ್ನುವಂತಿಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿಯು ಮುದ್ರಣದ ಬಣ್ಣವನ್ನು ಹೊಂದಿಸಿಕೊಳ್ಳಲೆಂದು ಕೊಡುತ್ತಿದ್ದ ಮಾದರಿ ಚೀಟಿಯ ಮೇಲೆ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರವಿತ್ತು. ಶರ್ಲಿ ಎಂದು ಅದಕ್ಕೆ ಹೆಸರು. ಅವಳ ಕೆನ್ನೆ ಸರಿಯಾಗಿ ಬಂದರೆ ಜಗತ್ತಿನ ಎಲ್ಲರ ಕೆನ್ನೆಯೂ ಸರಿಯಾಗಿ ಬಂದಂತೆ! ಬೇರೆ ಬಣ್ಣದ ಮುಖಗಳೂ ಆ ಚೀಟಿಯಲ್ಲಿ ಸೇರಿದ್ದು 1990ರ ದಶಕದಲ್ಲಿ. ಇಂದು ಮೊಬೈಲ್ ಫೋನುಗಳು ಕೇಳದೆಯೇ ಮುಖವನ್ನು ನುಣುಪುಗೊಳಿಸಿ ಬಿಳುಪುಗೊಳಿಸುತ್ತವೆ. ಪೆನ್ಸಿಲ್ಲು ಯಂತ್ರದೊಳಗೆ ಸೇರಿಕೊಂಡಿತು, ಅಷ್ಟೆ. ಬಿಸಿಲಿನಲ್ಲಿ ದುಡಿದು ಕಪ್ಪಾದ ಮುಖವನ್ನು ಬೆಳ್ಳಗೆ ತೋರಿಸುವುದು ಉಪಕಾರವಲ್ಲ. ಆ ಕಪ್ಪಿನೊಳಗೆ ಎಷ್ಟು ಛಾಯೆಗಳಿವೆಯೋ ಅಷ್ಟನ್ನೂ ಉಳಿಸುವುದು ಉಪಕಾರ. ಅದಕ್ಕೆ ಬೇಕಾದುದು ಬಿಳಿಯ ಬಣ್ಣವಲ್ಲ, ಸಾಕಷ್ಟು ಬೆಳಕು.

ಬಿಳಿ ರುಮಾಲಿನ ಕೆಳಗೆ ಮುಖ ಕತ್ತಲಾಗುವುದಕ್ಕೂ ಇಂಥದೇ ಕಾರಣ. ಕ್ಯಾಮೆರಾ ತನ್ನ ಎದುರಿನ ದೃಶ್ಯವನ್ನೆಲ್ಲ ಸರಾಸರಿ ಬೂದು ಬಣ್ಣವೆಂದು ಎಣಿಸಿ ಬೆಳಕನ್ನು ಅಳೆಯುತ್ತದೆ. ಬಿಳಿ ರುಮಾಲು, ಬಿಳಿ ಅಂಗಿ, ಬೆನ್ನ ಹಿಂದೆ ಹೊಳೆಯುವ ಆಕಾಶ — ಇವನ್ನು ಕಂಡು ಬೆಳಕು ಹೆಚ್ಚಾಯಿತೆಂದು ಬೆದರಿ ಕಡಿಮೆಮಾಡುತ್ತದೆ; ಆ ದಂಡ ಮುಖಕ್ಕೆ ಬೀಳುತ್ತದೆ. ರುಮಾಲನ್ನು ಬಿಟ್ಟು ಕೆನ್ನೆಯನ್ನೇ ಅಳೆಯಬೇಕು. ಮೊಬೈಲಿನಲ್ಲಾದರೆ ತೆರೆಯ ಮೇಲೆ ಕಾಣುವ ಮುಖಕ್ಕೆ ಬೆರಳು ತಾಗಿಸಿದರೆ ಮುಗಿಯಿತು. ಜೊತೆಗೆ, ಮುಖದ ಹತ್ತಿರ ಹೋಗಿ ಫೋನು ಹಿಡಿಯಬಾರದು. ಮೂಗು ದಪ್ಪವಾಗಿ ಕಿವಿಗಳು ಹಿಂದೆ ಓಡುತ್ತವೆ. ಐದಾರು ಅಡಿ ಹಿಂದೆ ನಿಂತು, ಕಣ್ಣಿನ ಮಟ್ಟಕ್ಕೆ ಹಿಡಿದು ತೆಗೆದು, ಬೇಕಾದಷ್ಟನ್ನು ಆಮೇಲೆ ಕತ್ತರಿಸಿಕೊಳ್ಳುವುದು ವಾಸಿ.

ಮುಖಚಿತ್ರದಲ್ಲಿ ಜೀವವಿರುವುದು ಕಣ್ಣಿನಲ್ಲಿ. ಕಣ್ಣಗೊಂಬೆಯಲ್ಲಿ ಬೆಳಕಿನ ಒಂದು ಚುಕ್ಕೆ ಮಿನುಗಬೇಕು — ಎಂಬುದು ಈ ವಿದ್ಯೆಯ ಮೊದಲ ಸೂತ್ರ. ಗದಗ ಪಟ್ಟಣವು ಈ ಸೂತ್ರಕ್ಕೆ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಇಲ್ಲಿಯ ಅಂಗಡಿಗಳಲ್ಲಿ, ಮನೆಗಳಲ್ಲಿ, ಸಂಗೀತ ಶಾಲೆಗಳಲ್ಲಿ ಭಕ್ತಿಯಿಂದ ತೂಗಹಾಕಿದ ಭಾವಚಿತ್ರಗಳು ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗುರುಗಳವು: ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010). ಇಬ್ಬರೂ ದೃಷ್ಟಿಯಿಲ್ಲದವರು, ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟವರು. ಅವರ ಚಿತ್ರಗಳ ಮುಂದೆ ಕೈಮುಗಿಯುವವರಾರೂ ಕಣ್ಣಿನ ಚುಕ್ಕೆಯನ್ನು ಹುಡುಕುವುದಿಲ್ಲ. ಹಣೆಯ ಮೇಲೆ, ವಿಭೂತಿಯ ಮೇಲೆ, ತುಟಿಯ ಅಂಚಿನ ಮೇಲೆ ಬೆಳಕು ಹೇಗೆ ಇಳಿದಿದೆ ಎಂಬುದರಲ್ಲಿಯೇ ಮುಖ ಓದಿಸಿಕೊಳ್ಳುತ್ತದೆ. ಕಣ್ಣೊಂದನ್ನೇ ನೆಚ್ಚಿ ಉಳಿದ ಮುಖವನ್ನು ಅಲಕ್ಷಿಸುವ ಛಾಯಾಗ್ರಾಹಕರು ಈ ಚಿತ್ರಗಳ ಮುಂದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ಗದುಗಿನಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಒಂದು ಕಾಲಕ್ಕೆ ಈ ಪ್ರಯಾಣವೆಂದರೆ ಸರ್ಕಾರಗಳನ್ನೇ ದಾಟುವ ಪ್ರಯಾಣ: ಗದಗ ಬ್ರಿಟಿಷರದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಪಕ್ಕದ ಶಿರಹಟ್ಟಿ ಸಾಂಗಲಿಯದು. ಈಗ ಎಲ್ಲವೂ 1997ರಲ್ಲಿ ರೂಪುಗೊಂಡ ಗದಗ ಜಿಲ್ಲೆಯಲ್ಲಿ ಸೇರಿವೆ. ಹಳೆಯ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ಸೋಮೇಶ್ವರನ ಗುಡಿಯ ಎತ್ತರದ ಪೌಳಿಯನ್ನು ದಾಟಿ ಬಿಸಿಲಿನ ಅಂಗಳದಿಂದ ಒಳಗೆ ಕಾಲಿಟ್ಟವನಿಗೆ ಕ್ಷಣಕಾಲ ಏನೂ ಕಾಣುವುದಿಲ್ಲ. ಆಮೇಲೆ ಮೆಲ್ಲಗೆ, ಬಾಗಿಲಿನಿಂದ ಬಂದ ಬೆಳಕಷ್ಟೇ ನಯಗೊಳಿಸಿದ ಕಂಬಗಳ ಮೇಲೆ ಜಾರಿ ಒಳಗೆ ಹೋಗುವುದು ತೋರುತ್ತದೆ. ಕೊನೆಗೆ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರು ಕಾಣುತ್ತಾರೆ. ಆದಯ್ಯನೆಂಬ ಶರಣನು ಸೌರಾಷ್ಟ್ರದಿಂದ ತಂದ ದೇವರೆಂದು ಪ್ರತೀತಿ. ರಾಘವಾಂಕನ ಸೋಮನಾಥ ಚಾರಿತ್ರದ ವಸ್ತುವೂ ಇದೇ ಕಥೆ. ಕಣ್ಣಿಗೆ ಕತ್ತಲೆಯ ಅಭ್ಯಾಸವಾಗಲು ಬಿಟ್ಟು, ಆಮೇಲೆ ಮುಖವನ್ನು ತೋರಿಸುವ ಈ ಉಪಾಯವನ್ನು ಗುಡಿ ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಊರಿನ ಶಂಖಬಸದಿಯಲ್ಲಿ ಇದಕ್ಕೆ ತೀರ ವಿರುದ್ಧವಾದ ನೋಟ. ಅಲ್ಲಿಯ ಸಹಸ್ರಕೂಟದಲ್ಲಿ ಸಾಲುಸಾಲಾಗಿ 1008 ಚಿಕ್ಕ ಜಿನಬಿಂಬಗಳಿವೆ. ಎಲ್ಲವೂ ಒಂದೇ ಭಂಗಿ, ಒಂದೇ ಮೌನ. ಒಬ್ಬನನ್ನು ಇನ್ನೊಬ್ಬನಿಂದ ಬೇರೆಮಾಡುವುದೆಲ್ಲ ಅಲ್ಲಿ ಅಳಿದುಹೋಗಿರಬೇಕು. ಅದೇ ಆ ಶಿಲ್ಪದ ಉದ್ದೇಶ. ಪಾಸುಪೋರ್ಟಿನ ಚಿತ್ರಕ್ಕೂ ಹೊರನೋಟಕ್ಕೆ ಇದೇ ಶಿಸ್ತು: ಬಿಳಿಯ ಹಿನ್ನೆಲೆ, ನೇರ ನೋಟ, ನಗುವಿಲ್ಲದ ಬಾಯಿ, ಮುಖದ ಮೇಲೆ ನೆರಳು ಸಲ್ಲದು. ಆದರೆ ಅದರ ಉದ್ದೇಶ ಮಾತ್ರ ತಿರುಗುಮುರುಗು: ಸಾವಿರದಲ್ಲಿ ಒಬ್ಬನನ್ನು ಗುರುತಿಸಬೇಕು. ಕಚೇರಿಯ ಈ ನಿಯಮವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಯಂತ್ರಕ್ಕೆ ಅಳತೆ ಸಿಗಬೇಕಾದರೆ ನೆರಳಿಲ್ಲದ ಮುಖ ಬೇಕು. ಅದಕ್ಕೂ ಅದೇ ಒಂದು ಬಾಗಿಲು ಸಾಕು. ಮನುಷ್ಯನು ಬಾಗಿಲಿಗೆ ಓರೆಯಾಗಿ ಕೂರದೆ ನೇರ ಎದುರಾಗಿ ಕೂರಬೇಕು. ಛಾಯಾಗ್ರಾಹಕನು ಹೊಸ್ತಿಲ ಮೇಲೆ, ಬೆಳಕಿಗೆ ಆದಷ್ಟು ಅಡ್ಡವಾಗದಂತೆ ನಿಲ್ಲಬೇಕು. ಹಿಂದೆ ಒಂದು ಬಿಳಿಯ ಚಾದರ. ದೋತರವನ್ನು ಮಗ್ಗುಲಿನಿಂದ ತೆಗೆದು ಮಡಿಲಿನ ಮೇಲೆ ಹರವಿದರೆ ಗದ್ದದ ನೆರಳೂ ಕರಗುತ್ತದೆ. ಇಷ್ಟಾದ ಮೇಲೆ ಸ್ಟೂಲನ್ನು ತುಸು ತಿರುಗಿಸಿ ಎರಡನೆಯದೊಂದನ್ನು ತೆಗೆಯಲು ಐದು ನಿಮಿಷ ಸಹ ಹಿಡಿಯದು. ಮೊದಲನೆಯದು ಕಚೇರಿಗೆ, ಎರಡನೆಯದು ಮನೆಗೆ. ಈ ಎರಡನೆಯದನ್ನು ತೆಗೆಯದೆ ಬಿಡುವುದರಿಂದಲೇ ಕಚೇರಿಯ ಚಿತ್ರ ಗೋಡೆಯನ್ನೇರುತ್ತದೆ.

ಶಿರಹಟ್ಟಿಯ ಹಾದಿಯಲ್ಲಿ ನೆಲದ ಬಣ್ಣ ಬದಲಾಗತೊಡಗುತ್ತದೆ. ಎರೆ ಹಿಂದೆ ಸರಿದು ಕೆಂಪು ಮಸಾರಿ ಕಾಣುತ್ತದೆ. ಪೂರ್ವದ ಅಂಚಿಗೆ ಕಪ್ಪತಗುಡ್ಡದ ಸಾಲು. ಔಷಧಿಯ ಗಿಡಗಳಿಗೂ ಕಬ್ಬಿಣದ ಅದಿರಿಗೂ ಹೆಸರಾದ ಈ ಗುಡ್ಡವನ್ನು ಗಣಿಯಿಂದ ಉಳಿಸಲು ಜನ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ನೆಲದ ಬಣ್ಣಕ್ಕೂ ಮುಖಚಿತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಬಯಲಿನಲ್ಲಿ ನಿಂತವನ ಮುಖಕ್ಕೆ ಮೇಲಿನಿಂದ ಆಕಾಶ ಬೆಳಕು ಕೊಟ್ಟರೆ ಕೆಳಗಿನಿಂದ ನೆಲ ಕೊಡುತ್ತದೆ. ಎರೆಯ ಹೊಲ ಬೆಳಕನ್ನು ನುಂಗುವುದೇ ಹೊರತು ಹಿಂದಿರುಗಿಸುವುದಿಲ್ಲ. ಆದುದರಿಂದ ಗದುಗಿನ ಬಯಲಿನಲ್ಲಿ ತೆಗೆದ ಚಿತ್ರಗಳಲ್ಲಿ ಹುಬ್ಬಿನ ಕೆಳಗೆ ಎರಡು ಕಪ್ಪು ಕುಳಿಗಳು. ಮಸಾರಿಯು ಒಂದಿಷ್ಟು ಬೆಳಕನ್ನು ಕೆಂಪಗೆ ಮಾಡಿ ಮೇಲಕ್ಕೆ ಕಳಿಸುತ್ತದೆ. ಮಾಗಿಯ ಸಂಜೆ ಶಿರಹಟ್ಟಿಯ ಹೊಲದ ಬದುವಿನ ಮೇಲೆ ಕುಳಿತವನ ಗದ್ದದ ಕೆಳಗೂ ತುಸು ಬೆಳಕಿರುತ್ತದೆ. ಎರೆಯಲ್ಲಿ ತೆಗೆಯಲೇಬೇಕಾದರೆ ಕಾಲಿನ ಮುಂದೆ ಜೋಳದ ಒಣಸೊಪ್ಪೆಯನ್ನೋ ಬಿಳಿಯ ಗೋಣಿಚೀಲವನ್ನೋ ಹಾಸಬೇಕು.

ಶಿರಹಟ್ಟಿಯೆಂದರೆ ಫಕೀರೇಶ್ವರ ಮಠ. ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ನಡೆದುಕೊಳ್ಳುವ ಗದ್ದಿಗೆ. ನಾಡಿನ ಜಾತ್ರೆಗಳಲ್ಲೆಲ್ಲ ಒಂದು ಕಾಲಕ್ಕೆ ಫೋಟೋದವನ ಡೇರೆಯೊಂದು ತಪ್ಪದೆ ಇರುತ್ತಿತ್ತು: ಅರಮನೆಯನ್ನೋ ವಿಮಾನವನ್ನೋ ಬರೆದ ಪರದೆ, ಮರದ ಕಾಲಿನ ಪೆಟ್ಟಿಗೆ ಕ್ಯಾಮೆರಾ, ಕರಿಯ ಮುಸುಕು. ಆ ಡೇರೆಯ ತಲೆಯ ಮೇಲಿನ ಬಿಳಿ ಬಟ್ಟೆ ನಡುಹಗಲಿನ ಉಗ್ರ ಬಿಸಿಲನ್ನು ಸೋಸಿ ಹಾಲಿನಂತೆ ಒಳಗಿಳಿಸುತ್ತಿತ್ತು. ಪರದೆಯ ಅರಮನೆಯನ್ನು ನೋಡಿ ನಕ್ಕವರು ಆ ಬಟ್ಟೆಯನ್ನು ಗಮನಿಸಲಿಲ್ಲ. ಅದಿಲ್ಲದೆ ಇಂದು ಸೀದಾ ಬಿಸಿಲಿನಲ್ಲಿ ನಿಂತು ಮೊಬೈಲಿನಲ್ಲಿ ತೆಗೆದುಕೊಳ್ಳುವ ಜಾತ್ರೆಯ ಚಿತ್ರಗಳಲ್ಲಿ ಎಲ್ಲರೂ ಕಣ್ಣು ಕಿರಿದುಮಾಡಿಕೊಂಡೇ ಇರುತ್ತಾರೆ.

ಗುಡ್ಡದ ಆಚೆಯ ಬದಿಗೆ ಮುಂಡರಗಿ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ಸರ್ಕಾರದ ಕ್ಯಾಮೆರಾ ಈ ಸೀಮೆಯ ಗುಡಿಗಳ ಕಂಬಕಂಬವನ್ನೂ ಕಾಗದಕ್ಕಿಳಿಸಿದ ವರ್ಷಗಳಿಗೆ ತಾಗಿಯೇ ಇದು ನಡೆದುದನ್ನು ಇಲ್ಲಿಗೆ ಬಂದವರು ನೆನೆಯದಿರಲಾರರು.

ಈ ಕಡೆಯ ಹಳೆಯ ಮಾಳಿಗೆಮನೆಗಳಲ್ಲಿ ಕಿಟಕಿಗಳು ಕಡಿಮೆ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಗೆ ಅಲ್ಲಲ್ಲಿ ಬೆಳಕಿಂಡಿ. ಅದರಿಂದ ಇಳಿದ ಬೆಳಕಿನ ಕೋಲು ನಡುಮನೆಯ ನೆಲದ ಮೇಲೆ ಹೊತ್ತಿನೊಂದಿಗೆ ಸರಿಯುತ್ತದೆ. ಬೆಳಕಿಂಡಿಯ ನೇರ ಕೆಳಗೆ ಕೂರಿಸಿದರೆ ಕಣ್ಣುಗಳು ಮಾಯವಾಗಿ ಮೂಗೊಂದೇ ಹೊಳೆಯುತ್ತದೆ. ಎರಡು ಹೆಜ್ಜೆ ಹಿಂದೆ, ಬೆಳಕು ಎದುರಿನ ಮೇಲಿನಿಂದ ಬೀಳುವಂತೆ ಕೂರಿಸಬೇಕು. ತಲೆಯ ಮೇಲೆ ಸೆರಗು ಹೊದ್ದ ಹೆಣ್ಣುಮಕ್ಕಳಾದರೆ ಸೆರಗನ್ನು ತೆಗೆಯಿರೆಂದು ಹೇಳಬಾರದು; ಅವರ ಮುಖ ಅದರೊಳಗೆ ಬೆಳೆದ ಮುಖ. ಬೆಳಕನ್ನೇ ಕೆಳಗಿಳಿಸಿ, ಅವರನ್ನು ಹೊಸ್ತಿಲ ಬಳಿಗೆ ಕರೆತರಬೇಕು. ಹೊಗೆ ಹಿಡಿದು ಕಪ್ಪಾದ ಹಿಂದಿನ ಗೋಡೆಯೂ ತೊಂದರೆಯಲ್ಲ. ಸೆರಗಿನ ಅಂಚು ಅದರ ಮೇಲೆ ತಾನಾಗಿ ಮೂಡುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೂ ಮುಖ ಸಿದ್ಧವಾಗಿರುವುದಿಲ್ಲ. ಕ್ಯಾಮೆರಾದ ಎದುರು ಕುಳಿತ ರೈತನು ಮೊದಲು ಮಾಡುವ ಕೆಲಸವೆಂದರೆ ಉಸಿರು ಕಟ್ಟುವುದು. ಭುಜಗಳು ಕಿವಿಯವರೆಗೆ ಏರುತ್ತವೆ, ತುಟಿ ಬಿಗಿಯುತ್ತದೆ, ಸಾಕ್ಷಿ ಹೇಳಲು ನಿಂತವನಂತೆ ಕಣ್ಣು ನಿಲ್ಲುತ್ತದೆ. ನಗಿರಿ ಎಂದರೆ ಇನ್ನೂ ಕೆಡುತ್ತದೆ. ಮುಂಡರಗಿ ಕಡೆಯ ಪಳಗಿದ ಸ್ಟುಡಿಯೋದವರು ಅಂಥ ಹೊತ್ತಿಗೆ ಹಿಂಗಾರಿಯ ಸುದ್ದಿ ತೆಗೆಯುವುದುಂಟು.

“ಯಜ್ಜಾ, ಉಸಿರು ಬಿಗಿ ಹಿಡೀಬ್ಯಾಡ. ಈ ಸಲ ಕಡ್ಲಿ ಹೆಂಗ ಬಂದಾವ?”

“ಎಲ್ಲೀ ಕಡ್ಲಿ, ತಮ್ಮಾ!”

ಭುಜ ಇಳಿಯುತ್ತದೆ. ಮಾತಿಗೆಂದು ಎತ್ತಿದ ಮುಖ ಬಾಗಿಲಿನ ಕಡೆಗೆ ಹೊರಳುತ್ತದೆ; ಹುಬ್ಬಿನ ಕೆಳಗಿನ ಕುಳಿಯೊಳಗೆ ಬೆಳಕು ಹೋಗುತ್ತದೆ. ಗುಂಡಿ ಒತ್ತಬೇಕಾದದ್ದು ಆಗ.